ಮಾದರಿ ಎದೆಬಡಿತ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ನಾವೆಲ್ಲ ಚೆನ್ನಾಗಿದ್ದೇವೆ. ನೀನು, ಭಾವ, ಮಕ್ಕಳೂ ಹಾಗೇ ಇದ್ದೀರಿ ಎಂದುಕೊಂಡಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಬೈದರೂ ಇಷ್ಟು ದೂರ ಕೇಳಿಸುವುದಿಲ್ಲ ಬಿಡು.

ಆಫೀಸಿನಲ್ಲಿ ದೊಡ್ಡ ತಮಾಷೆಯಾಯಿತು. ನಾವು ಮಾಡುವ ಇಸಿಜಿ ಯಂತ್ರ ನಿನಗೆ ಗೊತ್ತಲ್ಲ. ಉಸಿರಾಡಿದಾಗ, ಮೈ ಅಲುಗಿದಾಗ ಎದೆಬಡಿತದ ಗೆರೆ ಮೇಲೆ ಕೆಳಗೆ ತೇಲುತ್ತದೆ. ಅದನ್ನು ತಿದ್ದುವ ಫಿಲ್ಟರ್ ಎಂಬ ಪ್ರೋಗ್ರಾಂ ಬರೆದವಳು ನಾನೇ. ಪರೀಕ್ಷೆಗೆ ಯಾರೂ ಸಿಗದೆ ನನ್ನ ಎದೆಗೇ ವೈರು ಅಂಟಿಸಿಕೊಂಡಿದ್ದೆ. ಅಂದಿನಿಂದ ನಮ್ಮಲ್ಲಿ ಆರೋಗ್ಯವಂತ ಹೃದಯದ ಮಾದರಿಯೆಂದರೆ ನನ್ನದೇ! ಹೊಸ ಯಂತ್ರ ಯಾವುದೇ ಬರಲಿ, ಮೊದಲು ನನ್ನ ಗೆರೆಗೆ ಕೈಮುಗಿದು ಮುಂದೆ ಹೋಗಬೇಕು.

ಹೋದ ತಿಂಗಳು, ಗೆರೆಯನ್ನು ಅಷ್ಟಾಗಿ ತಿದ್ದದ ಹೊಸ ಫಿಲ್ಟರ್ ತಂದು ಅದಕ್ಕೆ ನನ್ನ ತಿದ್ದದ ಮೂಲ ಗೆರೆಯನ್ನು ಕೊಟ್ಟೆವು. 'ಕೂಡಲೇ ವೈದ್ಯರಿಗೆ ತೋರಿಸಿ' ಎಂದಿತು ಯಂತ್ರ. ಪಕ್ಕದ ಮೇಜಿನ ಗಡ್ಡದವನು ಬಿದ್ದು ಬಿದ್ದು ನಕ್ಕ. "ಮೇಡಂ, ನಿಮ್ಮ ಹಾರ್ಟೇ ಸರಿ ಇಲ್ವಂತೆ! ಈ ಫಿಲ್ಟರ್ ದಂಡ, ಬಿಸಾಕೋಣ."

ನಾನೂ ಫಿಲ್ಟರಿನಲ್ಲೇ ತಪ್ಪು ಹುಡುಕಿ ಸುಸ್ತಾದೆ. ತಪ್ಪಿರಲಿಲ್ಲ. ಪ್ರತಿ ಬಡಿತದ ಕೊನೆಗೆ ಒಂದು ಸಣ್ಣ ದಿಣ್ಣೆಯಿತ್ತು. ನನ್ನ ಹಳೆಯ ಫಿಲ್ಟರ್ ಅದನ್ನು ಉಸಿರಿನ ಏರಿಳಿತವೆಂದು ನೆಲಸಮ ಮಾಡುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ ನೋಡು!

ಆ ಗೆರೆ ಹಿಡಿದು ಆಸ್ಪತ್ರೆಗೆ ಹೋದೆ. "ಇದು ಹುಟ್ಟಿನಿಂದ ಬಂದದ್ದಮ್ಮ. ಇಂಥ ಹಾರ್ಟು ನಿದ್ದೇಲೇ ನಿಂತುಬಿಡಬಹುದು" ಎಂದರು ಡಾಕ್ಟರು. ಗಾಬರಿಯಾಗಬೇಡ. ಭುಜದ ಕೆಳಗೆ ಬೆಂಕಿಪೊಟ್ಟಣದಷ್ಟು ಯಂತ್ರ ಕೂರಿಸಿದ್ದಾರೆ. ಬಡಿತ ಕೆಟ್ಟರೆ ಅದೇ ಶಾಕ್ ಕೊಟ್ಟು ಸರಿದಾರಿಗೆ ತರುತ್ತದೆ. "ಹಾಗಾದ್ರೂ ಬೆಳಿಗ್ಗೆ ಬೇಗ ಏಳ್ತೀಯಲ್ಲ" ಎಂದು ನಮ್ಮ ಮನೆಯವರ ಕೀಟಲೆ. ಗಡ್ಡದವನು ಮಾತ್ರ ತನ್ನ ಎದೆಗೆ ವೈರು ಮುಟ್ಟಿಸಲು ಯಾರಿಗೂ ಬಿಡುತ್ತಿಲ್ಲ.

ನಿಜ ಹೇಳಲಾ? ಖುಷಿಯಾಗಿದ್ದೇನೆ. ಕಿಟಕಿ ಪಕ್ಕ ಕೂತು ಚಹಾ ಕುಡಿಯುತ್ತಾ ಬರೆಯುತ್ತಿದ್ದೇನೆ. ಮಕ್ಕಳಿಗೆ ಮುತ್ತು. ನಿಮ್ಮ ಮನೆ ಸದಾ ಗಲಾಟೆಯಿಂದ ತುಂಬಿರಲಿ.

ನಿನ್ನ
ಮೊಂಡಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಇದು ವಂಶದಲ್ಲಿ ಬರುತ್ತದಂತೆ. ನೀನೂ ಮಕ್ಕಳೂ ಈ ವಾರವೇ ತೋರಿಸಿಕೊಳ್ಳಿ. "ಮನೇಲಿ ಯಾರಾದ್ರೂ ಮಲಗಿದ್ದಲ್ಲೇ ಹೋಗಿದ್ದಾರಾ?" ಎಂದು ಡಾಕ್ಟರು ಕೇಳಿದರು. ಅಪ್ಪ ಎಂದೆ. ಅಪ್ಪ ಹೋದ ದಿನ ಸಂಜೆ ನೀನು ನಿನ್ನ ಮದುವೆ ವಿಷಯಕ್ಕೆ ಅವರ ಜೊತೆ ಜಗಳವಾಡಿ ಬಾಗಿಲು ಬಡಿದು ಹೋದದ್ದನ್ನೂ, 'ನಾನೇ ಕೊಂದೆ' ಎಂದು ಇವತ್ತಿಗೂ ಅಪ್ಪನ ಫೋಟೊ ಕಡೆ ತಿರುಗದಿರುವುದನ್ನೂ ಹೇಳಿದೆ. ಡಾಕ್ಟರು ಅಡ್ಡಡ್ಡ ತಲೆಯಾಡಿಸಿದರು. "ಅವರಿಗೂ ಇದೇ ಇದ್ದಿರಬೇಕು. ಅವರು ಜಗಳದಿಂದ ಹೋದದ್ದಲ್ಲ ಅಂತ ನಿಮ್ಮಕ್ಕನಿಗೆ ಹೇಳಿ."

ಹೇಳಿದ್ದೇನೆ, ಅಕ್ಕಾ. ಇದರ ಜೊತೆ ಅಪ್ಪನ ಫೋಟೊ ಇಟ್ಟಿದ್ದೇನೆ. ನೋಡು.