ಅಣ್ಣ ಕೆರೆ ಮೀನು ತಿಂದ ದಿನ

ಮಾರ್ಚ್ ೧೪, ಶನಿವಾರ

ಮೈಯೆಲ್ಲ ಉರಿಯುತ್ತಿದೆ. ಅಣ್ಣ ಇವತ್ತು ಅಮ್ಮನನ್ನೂ ನನ್ನನ್ನೂ ಸುಶಿ ಎಂಬ ಜಪಾನಿ ತಿನಿಸು ತಿನ್ನಿಸಲು ಮೀನಂಗಡಿಗೆ ಕರೆದೊಯ್ದಿದ್ದ. "ನಮ್ಮ ಕೆರೇದೇ ಮೀನು ಸಾರ್, ಸಂತಾನ ಅಳೀಬಾರ್ದು ಅಂತ ಬೇಕಾದಷ್ಟೇ ಹಿಡೀತೀವಿ" ಎಂದ ಅಂಗಡಿಯವನು. ಅಣ್ಣ ಅನ್ನದುಂಡೆಯ ಮೇಲಿನ ಹಸಿ ಮೀನಿನ ತುಣುಕನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದ. "ಆಹಾ, ಮಣ್ಣಿನ ಘಮ!"

ಅಮ್ಮ ಇದೇ ಮೀನನ್ನು ಮುಳ್ಳು ಬಿಡಿಸಿ ಬಡಿಸಿದಾಗಲೆಲ್ಲ "ಕೆಸರು ವಾಸನೆ" ಎಂದು ಮೂಗು ಮುರಿದು ತಟ್ಟೆ ತಳ್ಳುತ್ತಿದ್ದ ಮಹಾರಾಯ ಇವನೇ! ಅಮ್ಮನೋ, ತನ್ನ ಪಾಲನ್ನೂ ಅವನ ಮುಂದೆ ಸರಿಸಿದಳು. ಮನೆಗೆ ಬಂದ ಮೇಲೆ ಒಂದೇ ಜಪ: "ಅಂತೂ ನನ್ ಮಗ ಕೆರೆ ಮೀನು ತಿಂದ ನೋಡೇ!"

ಅವನು ತಳ್ಳಿದ ತಟ್ಟೆಗಳನ್ನೆಲ್ಲ ಇಷ್ಟು ವರ್ಷ ಖಾಲಿ ಮಾಡಿದವಳು ನಾನು. ನಾನು ತಿಂದದ್ದಕ್ಕೆ ಈ ಮನೆಯಲ್ಲಿ ಯಾರಾದರೂ ಒಂದು ದಿನ ಹೀಗೆ ಹಿಗ್ಗಿದ್ದುಂಟೇ?