ಹಗಲಿನ ಗೂಡಿಗೆ ರಾತ್ರಿಯ ಭರವಸೆ: ಹಿತ್ತಲ ಕೋಳಿ ಯೋಜನೆಯ ಅಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ಪ್ರಚಾರದ ಗಾಡಿ ಇವತ್ತೂ ನಮ್ಮ ಬೀದಿಗೆ ಬಂದಿತ್ತು. ಇವತ್ತೂ ಅದರ ನೆತ್ತಿಯ ಮೇಲಿನ ಧ್ವನಿವರ್ಧಕದಿಂದ ನಾನೇ ಸುಳ್ಳು ಹೇಳಿದೆ. ಹಿತ್ತಲ ಕೋಳಿ ಯೋಜನೆಯಲ್ಲಿ ನೀವು ಮನೆಮನೆಗೆ ಹಂಚುತ್ತಿರುವ ತಂತಿಬಲೆಯ ಗೂಡು ರಾತ್ರಿ ಹೊತ್ತು ಕೋಳಿಯನ್ನು ಕಾಯುವುದಿಲ್ಲ. ಇದು ನಿಮಗೆ ಮೊದಲೇ ಗೊತ್ತಿತ್ತು. ಈಗ ನನಗೂ ಗೊತ್ತು. ಗೊತ್ತಿಲ್ಲದಿರುವುದು ಬೀದಿಗೆ ಮಾತ್ರ. ಗಾಡಿಯನ್ನು ನಿಲ್ಲಿಸಿ, ಇಲ್ಲವೇ ಅದರ ಬಾಯಲ್ಲಿ ನಿಜ ಹೇಳಿಸಿ ಎಂದು ಕೇಳಿಕೊಳ್ಳಲು ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಸಿದ್ದಾಯಿತು. ಇನ್ನು ಎಲ್ಲರೆದುರು ಕೇಳುವುದೊಂದೇ ಉಳಿದಿದೆ. ಇದು ದೂರು ಹೌದು. ಆದರೆ ಕಟಕಟೆಯಲ್ಲಿ ನಿಮ್ಮ ಪಕ್ಕಕ್ಕೆ ನಾನೂ ನಿಲ್ಲಬೇಕಾದವನು. ದಯವಿಟ್ಟು ಸ್ವಲ್ಪ ಸರಿದು ಜಾಗ ಕೊಡಿ.

ನಾನು ನಾಟಕದ ಮನೆಯಲ್ಲಿ ಹುಟ್ಟಿದವನು. ವೇಷದ ಪೆಟ್ಟಿಗೆಯ ಮೇಲೆ ಮಲಗಿ, ಹಾರ್ಮೋನಿಯಂ ಸದ್ದಿಗೆ ಎದ್ದು ಬೆಳೆದೆ. ಮಾತು ಅಂದರೆ ಕೊನೆಯ ಬೆಂಚಿನವನ ಎದೆಗೆ ಹೋಗಿ ತಾಗಬೇಕು ಎಂದು ನಮ್ಮಪ್ಪ ಬೆತ್ತ ಹಿಡಿದು ಕಲಿಸಿದ್ದರು. ಊರಿನ ರಂಗದ ಮೇಲೆ ಎಷ್ಟು ಕಿರೀಟ ಹೊತ್ತೆನೋ ಲೆಕ್ಕವಿಲ್ಲ. ಹಾಲಿನವನೂ ನನ್ನನ್ನು ರಾಜರೇ ಎನ್ನುತ್ತಾನೆ. ಇಂಥ ಗಂಟಲು ನಿಮ್ಮ ಕೋಳಿಗೂಡಿಗೆ ಬೇಕು ಎಂದು ನೀವು ಹೇಳಿಕಳಿಸಿದಾಗ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದೆ. ಉಬ್ಬಿ ಬಂದೆ ಎಂದರೇ ಸರಿ.

ನೀವು ಕೈಗಿತ್ತ ಒಕ್ಕಣೆ ಸಪ್ಪೆಯಾಗಿತ್ತು. ಅದಕ್ಕೆ ಉಪ್ಪು ಖಾರ ಹಾಕಿದವನು ನಾನು. "ಇದು ಗೂಡಲ್ಲ ಮಹಾಜನಗಳೇ, ಕೋಟೆ. ನಿಮ್ಮ ಕೋಳಿಗೆ ಇದರ ಕಾವಲು, ನಿಮಗೆ ನೆಮ್ಮದಿಯ ನಿದ್ದೆ" ಎಂಬ ಮಾತು ನಿಮ್ಮದಲ್ಲ, ನನ್ನದು. ಅದರ ಕೆಳಗೆ ನಿಮ್ಮ ಒಂದು ಸಾಲು ಬಾಕಿ ಇತ್ತು: "ಸದರಿ ಗೂಡನ್ನು ಹಗಲು ವೇಳೆ ಮಾತ್ರ ಬಳಸತಕ್ಕದ್ದು, ರಾತ್ರಿ ಕೋಳಿಗಳನ್ನು ಮುಚ್ಚಿದ ಕೋಣೆಯಲ್ಲಿ ಇರಿಸತಕ್ಕದ್ದು." ನೆಮ್ಮದಿಯ ನಿದ್ದೆಯವರೆಗೆ ಏರಿಸಿದ ದನಿಗೆ ಆ ತಕ್ಕದ್ದುಗಳು ಒಗ್ಗಲಿಲ್ಲ. ಪರದೆ ಬೀಳುವ ಹೊತ್ತಿಗೆ ಯಾರೋ ರಂಗದ ಮೇಲೆ ಬಂದು ಕುರ್ಚಿ ಮಡಚಿದ ಹಾಗಾಯಿತು.

"ಸಾರ್, ಈ ಕೊನೇ ಸಾಲು ಬೇಡ. ಏರಿದ್ದೆಲ್ಲ ದೊಪ್ಪಂತ ಬಿದ್ದುಹೋಗುತ್ತೆ," ಅಂದೆ.

ನೀವು ಹಾಳೆ ನೋಡಿದಿರಿ, ಆಮೇಲೆ ಗಡಿಯಾರ ನೋಡಿದಿರಿ. "ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ ರಾಜರೇ. ನಮಗೆ ಜನ ಬಂದ್ರೆ ಸಾಕು."

ಒಬ್ಬನಿಗೆ ಚಪ್ಪಾಳೆಯ ಹಸಿವು, ಇನ್ನೊಬ್ಬರಿಗೆ ಗೋದಾಮು ಖಾಲಿ ಮಾಡುವ ಆತುರ. ನಮ್ಮಿಬ್ಬರ ನಡುವೆ ಆ ಒಂದು ಸಾಲು ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಇಬ್ಬರಿಗೂ ಸೊಂಟ ಬಾಗಲಿಲ್ಲ. ಉಳಿದದ್ದನ್ನು ನನ್ನ ದನಿಯಲ್ಲಿ ಮುದ್ರಿಸಿಕೊಂಡು ಗಾಡಿಗೆ ಏರಿಸಿದಿರಿ.

ಆ ಸಾಲಿನ ಬೆಲೆ ಏನು ಎಂದು ಕೇಳುವಿರಾ? ನಿಮ್ಮ ತಂತಿಬಲೆ ಕೋಳಿಯನ್ನು ಹೊರಗೆ ಹೋಗದಂತೆ ತಡೆಯುತ್ತದೆ, ಒಪ್ಪಿದೆ. ಆದರೆ ಕಾಡುಬೆಕ್ಕಿಗೆ ಒಳಗೆ ಬರುವ ಅಗತ್ಯವಾದರೂ ಏನಿದೆ? ಅದರ ಮುಂಗಾಲು ಬಂದರೆ ಸಾಕು, ಮತ್ತು ಬಲೆಯ ಕಣ್ಣು ಅಷ್ಟು ದೊಡ್ಡದಾಗಿಯೇ ಇದೆ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಕಾಣದು, ಕೂತಲ್ಲೇ ಕಲ್ಲು. ಅದು ಕೂರಲೆಂದು ನೀವು ಕೊಟ್ಟ ಕೋಲನ್ನು ಬಲೆಗೆ ತಾಗಿಸಿಯೇ ಕಟ್ಟಿಸಿದ್ದೀರಿ. ಬೇಕರಿಯ ಗಾಜಿನ ಕಪಾಟಿನಲ್ಲಿ ಬನ್ನು ಜೋಡಿಸಿಟ್ಟಂತೆ ಕೋಳಿಗಳು ಸಾಲಾಗಿ ಕೂರುತ್ತವೆ, ಗಾಜು ಒಂದಿಲ್ಲ ಅಷ್ಟೆ. ಬೆಕ್ಕು ಬರುತ್ತದೆ, ಕಾಲು ತೂರಿಸುತ್ತದೆ, ಸಿಕ್ಕಿದ್ದನ್ನು ಎಳೆಯುತ್ತದೆ. ಇದಕ್ಕೆ ಕೋಟೆ ಎಂದು ಹೆಸರಿಟ್ಟ ನಾಲಿಗೆ ನನ್ನದು.

ನಮ್ಮ ಹಿತ್ತಲ ಗೋಡೆಯಾಚೆ ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬರಿದ್ದಾರೆ. ಬೀದಿಗೆಲ್ಲ ಟೈಲರಮ್ಮ; ನನ್ನನ್ನು ಅಣ್ಣ ಎನ್ನುತ್ತಾರೆ. ಅವರದು ನಾಲ್ಕೈದು ಕೋಳಿಗಳ ಸಂಸಾರ. ಅದರಲ್ಲೊಂದು ಚುಕ್ಕೆ ಕೋಳಿ ಇಡೀ ದಿನ ಹೊಲಿಗೆ ಯಂತ್ರದ ಪೆಡಲಿನ ಹತ್ತಿರ ಬಟ್ಟೆಚೂರುಗಳ ನಡುವೆ ಕೂರುತ್ತಿತ್ತು. "ನನಗಿಂತ ಅದೇ ಚೆನ್ನಾಗಿ ಲೆಕ್ಕ ಇಟ್ಕೊಳ್ಳುತ್ತೆ, ಯಾರ ರವಿಕೆ ಬಾಕಿ ಅಂತ," ಎನ್ನುತ್ತಿದ್ದರು. ಸಂಜೆಯಾದರೆ ಎಲ್ಲವನ್ನೂ ಬಚ್ಚಲುಮನೆಗೆ ಕೂಡಿ ಬಾಗಿಲು ಹಾಕುವುದು, ಬೆಳಗ್ಗೆ ನೆಲ ತೊಳೆಯುವುದು, ಇದು ಅವರ ಪಾಡು. ಬೇಸರದ ಕೆಲಸ, ಆದರೆ ಒಂದು ಕೋಳಿಯೂ ಹೋದದ್ದಿಲ್ಲ.

ನಿಮ್ಮ ಗೂಡು ಬಂತು. ಗೋಡೆಯ ಮೇಲಿಂದ ಟೈಲರಮ್ಮನ ಮುಖ ಬಂತು. "ಇನ್ಮೇಲೆ ಬಚ್ಚಲು ತೊಳೆಯೋದು ತಪ್ತು ಅಣ್ಣ. ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರ್ಲಿಲ್ಲ. ನೀವೇ ಹೇಳಿದ್ರಲ್ಲ, ಕೋಟೆ ಅಂತ."

ನಾನು ವರ ಕೊಡುವ ಮಹಾರಾಜನಂತೆ ತಲೆಯಾಡಿಸಿದೆ.

ಮುಂದಿನ ವಾರದಲ್ಲೇ ಒಂದು ಬೆಳಗ್ಗೆ ನನ್ನ ಹೆಂಡತಿ ಹಿತ್ತಲಿನಿಂದ ಕರೆದಳು. ಹೋಗಿ ನೋಡಿದರೆ ಗೋಡೆಯಾಚೆಯ ಗೂಡಿನ ಬಲೆಗೆ ಗರಿಗಳು ಅಂಟಿಕೊಂಡಿದ್ದವು, ಅರ್ಧ ಒಳಗೆ, ಅರ್ಧ ಹೊರಗೆ. ಉಳಿದದ್ದನ್ನು ಬರೆಯಲಾರೆ. ಚುಕ್ಕೆಯದೂ ಗರಿ ಇತ್ತು. ಬಲೆ ಎಲ್ಲೂ ಹರಿದಿರಲಿಲ್ಲ. ಬಾಗಿಲ ಚಿಲಕ ಹಾಕಿದಂತೆಯೇ ಇತ್ತು. ನನ್ನ ಕಣ್ಣಾರೆ ನೋಡಿದೆ. ಟೈಲರಮ್ಮ ಗರಿಗಳನ್ನು ಒಂದೊಂದಾಗಿ ಬಿಡಿಸಿ ಬಟ್ಟೆಯ ಚೀಲಕ್ಕೆ ಹಾಕುತ್ತಿದ್ದರು.

"ಚಿಲಕ ನಾನೇ ಸರಿಯಾಗಿ ಹಾಕಿರ್ಲಿಲ್ಲ ಅನ್ಸುತ್ತೆ ಅಣ್ಣ," ಎಂದರು. "ತೆರ್ಕೊಂಡು, ಮತ್ತೆ ತಾನೇ ಬಿದ್ದಿರಬೇಕು. ನೀವು ಅಷ್ಟು ಬಿಡಿಸಿ ಹೇಳಿದ್ರಿ. ನಾನೇ ಎಡವಟ್ಟು ಮಾಡ್ಕೊಂಡೆ."

ಕೊನೆಯ ಬೆಂಚಿಗೆ ಮುಟ್ಟುವ ಗಂಟಲು ಆಗ ಏನು ಹೇಳಿತು ಗೊತ್ತೇ? "ಇರಲಿ ಬಿಡಮ್ಮ. ಮುಂದೆ ಜಾಗ್ರತೆ ಇರಲಿ."

ಮಾನ್ಯರೇ, ಕೋಳಿ ಹೋದದ್ದಕ್ಕಿಂತ ಈ ಮಾತು ನನ್ನನ್ನು ತಿನ್ನುತ್ತಿದೆ. ತಪ್ಪು ಮಾಡಿದವನೇ ತಪ್ಪಿಲ್ಲದವರನ್ನು ಕ್ಷಮಿಸಿಬಿಟ್ಟ, ಅದೂ ಎಷ್ಟು ಗಾಂಭೀರ್ಯದಿಂದ! ಅವರು ಅಂಗಡಿಗೆ ಬಂದವರಿಗೆಲ್ಲ ತಮ್ಮ ಚಿಲಕದ ತಪ್ಪನ್ನೇ ಹೇಳಿದರು. ಕೇಳಿದವರು ತಮ್ಮ ಗೂಡಿನ ಚಿಲಕವನ್ನು ಇನ್ನೊಮ್ಮೆ ಬಿಗಿ ಮಾಡಿಕೊಂಡು ನಿಶ್ಚಿಂತೆಯಿಂದ ಮಲಗಿದರು. ಅವರ ಕೋಳಿಗಳೂ ಹೋದವು.

ಆಗ ನಿಮ್ಮ ಬಳಿ ಓಡಿ ಬಂದೆ. ನಿಮ್ಮ ಉತ್ತರ ಸಿದ್ಧವಾಗಿತ್ತು. "ನಾವು ಬರೆದಿದ್ವಲ್ಲ ರಾಜರೇ. ಓದದೆ ಬಿಟ್ಟೋರು ನೀವು. ಕಡತದಲ್ಲಿ ಆ ಸಾಲು ಹಾಗೇ ಇದೆ, ಬೇಕಾದ್ರೆ ತೋರಿಸ್ತೀನಿ."

"ಹಾಗಾದ್ರೆ ಈಗ ಓದ್ತೀನಿ ಸಾರ್. ಮೈಕ್ ಕೊಡಿ."

"ಈಗ ಆ ಸಾಲು ಸೇರಿಸಿದ್ರೆ ಗೂಡು ಯಾರು ತಗೋತಾರೆ? ಪಕ್ಕದ ಬಡಾವಣೆಗೆ ಹಂಚೋದು ಇನ್ನೂ ಬಾಕಿ ಇದೆ."

ಕಡತದಲ್ಲಿ ಬರೆದಿಟ್ಟ ಎಚ್ಚರಿಕೆಯನ್ನು ಕಾಡುಬೆಕ್ಕು ಬಂದು ಓದಿಕೊಂಡು ಹೋಗುತ್ತದೆಯೇ? ಸಹಿ, ಮೊಹರು ಕಂಡು ಕಾಲು ಹಿಂದಕ್ಕೆ ತೆಗೆಯುತ್ತದೆಯೇ? ನಿಮ್ಮ ಹಾಳೆ ನಿರಪರಾಧಿ, ನನ್ನ ಗಂಟಲೊಂದೇ ಪಾಪಿ ಎನ್ನುವುದಾದರೆ ಆ ಪಾಪಿ ಗಂಟಲನ್ನು ದಿನವೂ ಬೆಳಗ್ಗೆ ಗಾಡಿಯಲ್ಲಿ ಕೂರಿಸಿ ಮೆರೆಸುತ್ತಿರುವುದು ಏಕೆ? ನಾನು ಗೊತ್ತಿಲ್ಲದೆ ಮಾಡಿದ್ದನ್ನು ನೀವು ಗೊತ್ತಿದ್ದೂ ಮಾಡುತ್ತಿದ್ದೀರಿ. ಇದರಿಂದ ನನ್ನ ಪಾಲು ಕಡಿಮೆಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಪಾಲನ್ನು ನೀವೂ ತೆಗೆದುಕೊಳ್ಳಿ ಎನ್ನುತ್ತಿದ್ದೇನೆ.

ಮನೆಯಲ್ಲಿ ನನ್ನ ಸ್ಥಿತಿ ಕೇಳಬೇಡಿ. ಗಾಡಿ ತಿರುವಿಗೆ ಬಂದ ಕೂಡಲೇ ಹೆಂಡತಿ ಅಡುಗೆಮನೆಯಿಂದ ಕೇಳುತ್ತಾಳೆ: "ಹೊರಗೂ ನೀವೇ, ಒಳಗೂ ನೀವೇ. ಕಾಫಿ ಯಾರಿಗೆ ಕೊಡ್ಲಿ?" ನಾನು ಕಿಟಕಿ ಮುಚ್ಚುತ್ತೇನೆ. ಆ ದನಿಗೆ ಕಿಟಕಿ ಒಂದು ಲೆಕ್ಕವೇ? ಹೊಸ ನಾಟಕದ ತಾಲೀಮಿಗೆ ಕರೆದರು, ಹೋಗಲಿಲ್ಲ. ಸಿಂಹಾಸನದ ಮೇಲೆ ಕೂತು ಪ್ರಜೆಗಳೇ ಎಂದು ಬಾಯಿ ತೆರೆದರೆ ಗರಿಗಳ ಚೀಲ ಹಿಡಿದ ಆ ಕೈ ಕಣ್ಣ ಮುಂದೆ ಬರುತ್ತದೆ.

ನಿನ್ನೆ ಕೊನೆಗೂ ಟೈಲರಮ್ಮನ ಅಂಗಡಿಗೆ ಹೋದೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಬಿಟ್ಟ ಸಾಲನ್ನೂ, ಬಿಟ್ಟ ಕಾರಣವನ್ನೂ. ಅವರು ತೋಳಿನ ಅಂಚು ಮುಗಿಯುವವರೆಗೆ ಯಂತ್ರ ನಿಲ್ಲಿಸಲಿಲ್ಲ. ಆಮೇಲೆ ದಾರ ಕತ್ತರಿಸಿದರು.

"ಅಂದ್ರೆ ಚಿಲಕ ಹಾಕೇ ಇತ್ತಾ?"

"ಹಾಕೇ ಇತ್ತಮ್ಮ. ಅವತ್ತೇ ನೋಡಿದ್ದೆ."

ಹೊಲಿದ ತೋಳನ್ನು ಮಡಚಿ ಪಕ್ಕಕ್ಕಿಟ್ಟರು. ಬೈಯಲಿ ಎಂದು ಕಾದೆ, ಬೈಯಲಿಲ್ಲ. "ನನಗೊಬ್ಬಳಿಗೆ ಹೀಗೆ ಮೆಲ್ಲಗೆ ಹೇಳಿದ್ರೆ ಏನು ಬಂತಣ್ಣ?" ಎಂದರು. "ಅದನ್ನ ಹೇಳಿದ ದನೀಲೇ ಇದನ್ನೂ ಹೇಳಿ."

ಆದ್ದರಿಂದ ನನ್ನ ಬೇಡಿಕೆ ಇದು. ಹಳೆಯ ಧ್ವನಿಮುದ್ರಣ ಅಳಿಸಿ, ಮೈಕ್ ನನ್ನ ಕೈಗೆ ಕೊಡಿ. ಬಿಟ್ಟ ಸಾಲನ್ನು ನಿಮ್ಮ ಎರಡೂ ತಕ್ಕದ್ದುಗಳ ಸಮೇತ ಓದುತ್ತೇನೆ. ಟೈಲರಮ್ಮ ಚಿಲಕ ಹಾಕಿದ್ದರು, ಸಾಲು ಬಿಟ್ಟವನು ನಾನು ಎಂದೂ ಕೂಗುತ್ತೇನೆ. ಈಗಾಗಲೇ ಹಂಚಿದ ಗೂಡುಗಳಿಗೆ ಬೆಕ್ಕಿನ ಕಾಲು ತೂರದಷ್ಟು ಸಣ್ಣ ಕಣ್ಣಿನ ಗಟ್ಟಿ ಜಾಲರಿ ಹಾಕಿಸಿ, ಕೂರುವ ಕೋಲನ್ನು ನಡುಮಧ್ಯಕ್ಕೆ ತನ್ನಿ. ಅಲ್ಲಿಯವರೆಗೆ ಪಕ್ಕದ ಬಡಾವಣೆಗೆ ಒಂದು ಗೂಡೂ ಹೋಗಬಾರದು, ಆ ಗಾಡಿಯಂತೂ ಹೋಗಲೇಬಾರದು. ಅಲ್ಲಿ ಈ ಸಂಜೆಯೂ ಯಾರೋ ಒಬ್ಬಾಕೆ ಗೊಣಗುತ್ತ ತನ್ನ ಕೋಳಿಗಳನ್ನು ಒಳಗೆ ಕೂಡುತ್ತಿರುತ್ತಾಳೆ. ನನ್ನ ದನಿ ಅವಳ ಕಿವಿಗೆ ಬೀಳುವವರೆಗೆ ಆ ಕೋಳಿಗಳು ಕ್ಷೇಮ.

ಇಂತಿ,
ಕೂಗಬಾರದ್ದನ್ನು ಕೂಗಿ, ಹೇಳಬೇಕಾದಲ್ಲಿ ಬಾಯಿ ಮುಚ್ಚಿಕೊಂಡಿದ್ದ
ನಿಮ್ಮ ಗಾಡಿಯ ಮಹಾರಾಜ