ಒಗೆಯುವ ಕಲ್ಲಿಗೆ ಕುಂಕುಮ

ಹಿರೇಕೊಳ್ಳ, ಕ್ರಿ.ಶ. ೨೨೧೮, ಎರಡನೆಯ ಬೇಸಗೆಯ ನಲವತ್ತನೆಯ ದಿನ

ಹಿರೇಕೊಳ್ಳ ವಿದ್ಯುತ್ ಕಾಲೋನಿಯಲ್ಲಿ ಈಗ ವಾಸವಾಗಿರುವವರಿಗೆ,

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದಿಂದ ನನ್ನ ಕಾಲದವರೆಗಿನ ಇನ್ನೂರು ವರ್ಷಗಳಲ್ಲಿ ಮಾತು ಬದಲಾಗಿದೆ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ಶಿಲ್ಪಿ, ಹೆಸರು ನೀಲಗಂಗಾ. ನಿಮ್ಮ ಕಾಲೋನಿಯನ್ನು ನಾವು ಬಿಟ್ಟೂರು ಎನ್ನುತ್ತೇವೆ, ಎಂದರೆ ಜನರನ್ನು ಎಬ್ಬಿಸಿ ಖಾಲಿ ಮಾಡಿಸಿದ ಊರು. ವಿದ್ಯುತ್ ಸ್ಥಾವರದಲ್ಲಿ ಸುಟ್ಟ ಕಲ್ಲಿದ್ದಲಿನ ಬೂದಿ ಅದನ್ನು ಮಾಳಿಗೆಯವರೆಗೆ ಮುಚ್ಚಿತ್ತು. ಉತ್ಖನನದವರ ಜೊತೆ ನಾನು ಅಲ್ಲಿ ಮೂರು ವರ್ಷ ಇದ್ದೆ. ನಲ್ಲಿಕಟ್ಟೆಯ ಹತ್ತಿರ ಬಟ್ಟೆ ಒಗೆಯುವ ಹದಿನಾಲ್ಕು ಕಲ್ಲುಗಳು ಸಿಕ್ಕವು. ಒಂದೊಂದೂ ಒಂದೊಂದು ಬಗೆಯಲ್ಲಿ ಸವೆದಿತ್ತು; ಒಗೆದವರಲ್ಲಿ ಒಬ್ಬಾಕೆ ಎಡಚಿ, ಒಬ್ಬಾಕೆ ಕುಳಿತೇ ಒಗೆದವಳು. ಆ ತಗ್ಗುಗಳಿಗೆ ಅದೇ ಬೂದಿಯನ್ನು ಸುಣ್ಣದೊಡನೆ ಕಲಸಿ ಹೊಯ್ದೆ. ಹದಿನಾಲ್ಕು ಉಬ್ಬುಗಳು ಎದ್ದುಬಂದವು. ಅದೇ ನನ್ನ ಶಿಲ್ಪ.

ವಸ್ತುಸಂಗ್ರಹಾಲಯದ ಮುಖ್ಯಸ್ಥ ವೈಜನಾಥ ಅದರ ಕೆಳಗೆ "ಹದಿನಾಲ್ಕು ಮಾತೃಕೆಯರು" ಎಂದು ಫಲಕ ಹಾಕಿಸಿದ.

"ಇವು ಅರಿವಿ ಒಗಿಯೋ ಕಲ್ಲಿನ ಅಚ್ಚು ಅದಾವ್ರಿ," ಎಂದೆ.

"ಒಗಿಯೋ ಕಲ್ಲು ನೋಡಾಕ ಯಾರು ಬರ್ತಾರವ್ವ? ದೇವಿ ಅಂದ್ರ ಬರ್ತಾರ."

ಬಂದರು. ಮೊದಲ ದಿನವೇ ಕುಂಕುಮ ಹಚ್ಚಿ ಕಾಯಿ ಒಡೆದರು. ಪೂಜೆಗೆ ನಿಂತವರ ಸಾಲಿನಲ್ಲಿ ದುರುಗಮ್ಮ ಎಂಬ ಮುದುಕಿಯಿದ್ದಳು. ಅವಳ ಹಿರಿಯರು ನಿಮ್ಮ ಕಾಲೋನಿಯಲ್ಲಿ ಮನೆಮನೆಯ ಬಟ್ಟೆ ಒಗೆದವರು. ಅವರ ಮನೆಯ ಹೆಣ್ಣುಮಕ್ಕಳೆಲ್ಲ ಎಡಚರಂತೆ. ಅವಳು ಒಂದು ಉಬ್ಬಿನ ಮೇಲೆ ಎಡಗೈ ಇಟ್ಟು ನೋಡಿ, ಸೆರಗಿನಿಂದ ಕುಂಕುಮ ಒರೆಸತೊಡಗಿದಳು.

"ಇಕಿ ದೇವಿ ಅಲ್ಲ. ಮಂದಿ ಅರಿವಿ ಒಗದು ಕೈ ಸವಸ್ಕೊಂಡಾಕಿ. ದೇವಿ ಮಾಡಿ ಕುಂದ್ರಿಸಿದ್ರ ಇಕಿ ಕಷ್ಟ ಯಾರು ಕೇಳ್ತಾರ?"

ಕಾವಲಿನವರು ಅವಳ ರಟ್ಟೆ ಹಿಡಿದು ಹೊರಗೆ ಹಾಕಿದರು. ನಾನು ನೋಡುತ್ತ ನಿಂತಿದ್ದೆ. ಆ ನಾಚಿಕೆ ತಡೆಯಲಾಗದೆ ಮರುದಿನ ಉಳಿ ತಂದು ಫಲಕವನ್ನು ಒಡೆದೆ. ನನ್ನ ಮೇಲೆ ಮೊಕದ್ದಮೆ ಹೂಡಿದರು. ಶಿಲ್ಪದ ಹತ್ತಿರ ಹೋಗಲು ನನಗೀಗ ಅನುಮತಿಯಿಲ್ಲ. ಹೊಸ ಫಲಕ ಬಂದಿದೆ, ಮೊದಲಿಗಿಂತ ದೊಡ್ಡದು.

ನ್ಯಾಯಾಲಯದಲ್ಲಿ ಕೇಳಿದರು: ಇವರು ದೇವಿಯರಲ್ಲವಾದರೆ ಯಾರು? ಹೆಸರು ಹೇಳಿ. ದುರುಗಮ್ಮನಿಗೆ ಗೊತ್ತಿರಲಿಲ್ಲ. ನಿಮ್ಮ ಕಚೇರಿಯ ಕಡತಗಳನ್ನೆಲ್ಲ ತಿರುವಿದೆ. ಪಂಪುಗಳ ಸಂಖ್ಯೆಯಿದೆ, ಬೇಲಿಯ ಉದ್ದವಿದೆ, ಸಾಹೇಬರ ನಾಯಿಯ ಹೆಸರೂ ಇದೆ. ದಿನವೂ ನಿಮ್ಮ ಅಂಗಿ ಒಗೆದುಕೊಟ್ಟ ಹದಿನಾಲ್ಕು ಜನರಲ್ಲಿ ಒಬ್ಬಳ ಹೆಸರೂ ಇಲ್ಲ. ವೈಜನಾಥ ಸುಳ್ಳು ಬರೆದ, ನಿಜ. ಆ ಸುಳ್ಳು ಬರೆಯಲು ಖಾಲಿ ಜಾಗ ಬಿಟ್ಟವರು ನೀವು.

ನಿಮ್ಮ ಕಾಲದಲ್ಲಿ ಇನ್ನೂ ಸಮಯವಿದೆ. ನಾಳೆ ಬೆಳಿಗ್ಗೆ ನಲ್ಲಿಕಟ್ಟೆಗೆ ಹೋಗಿ. ಅಲ್ಲಿ ಬಟ್ಟೆ ಒಗೆಯುತ್ತಿರುವ ಹೆಂಗಸರು ನಿಮ್ಮನ್ನು ಕಂಡು ಗಾಬರಿಯಾಗಿ ಎದ್ದು ನಿಲ್ಲಬಹುದು. ಮೊದಲು ನಿಮ್ಮ ಹೆಸರು ಹೇಳಿ, ಆಮೇಲೆ ಅವರದನ್ನು ಕೇಳಿ.